ತೆರೆಯ ಮುಂದೆ ಮೈತೆ ಬರೆಸಿದ ಉಯಿಲು

ಅಮೆರಿಕದ ನೆವಾಡ ರಾಜ್ಯದ ಎಲ್ಕೊ ಊರಿನಲ್ಲಿ, ಸ್ಪೇನಿನ ಕಡೆಯಿಂದ ಬಂದು ನೆಲೆಸಿದ ಬಾಸ್ಕ್ ಕುರಿಗಾಹಿಗಳ ಊಟದ ಮನೆಯೊಂದಿತ್ತು. ಮೈತೆ ಗೊಯೆನೆಚೆ ಅಲ್ಲಿ ಅಡುಗೆ ಮಾಡುತ್ತಲೇ ಮುಪ್ಪಾದವಳು. ಮದುವೆಯಾಗಿರಲಿಲ್ಲ. ಅಲ್ಲಿಯೇ ಪಾತ್ರೆ ತೊಳೆಯುತ್ತಿದ್ದ ಲೋರ್ನಾ ಒಂದು ಚಳಿಗಾಲದ ಮಟ್ಟಿಗೆಂದು ಅವಳ ಮನೆಗೆ ಬಂದವಳು, ಆಮೇಲೆ ಹೋಗಲೇ ಇಲ್ಲ. ಇಬ್ಬರೂ ದಿನವಿಡೀ ಜಗಳವಾಡುತ್ತಿದ್ದರು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳಿಗೆ ಊಟ ಸೇರುತ್ತಿರಲಿಲ್ಲ. ನಾವು ಪಕ್ಕದ ಮನೆಯವರು.

ಮೈತೆಗೆ ರೀನೊ ನಗರದಲ್ಲಿ ಹೃದಯದ ಆಪರೇಷನ್ ನಿಗದಿಯಾಯಿತು. ಅವಳಿಗೆ ಸಾವಿನ ಭಯವಿರಲಿಲ್ಲ, ಚಿಂತೆ ಬೇರೆಯೇ ಇತ್ತು. ಉಯಿಲಿಲ್ಲದೆ ಸತ್ತರೆ ಮನೆ ಅಣ್ಣನ ಮಗ ಅಂದೋನಿಯ ಪಾಲಾಗುತ್ತದೆ, ಲೋರ್ನಾ ಎಲ್ಲಿಗೆ ಹೋಗಬೇಕು? ಹಿಮ ಬಿದ್ದು ರೀನೊದ ಹೆದ್ದಾರಿ ಮುಚ್ಚಿತ್ತು. ಅಲ್ಲಿನ ವಕೀಲೆ ಫೋನಿನಲ್ಲಿ, "ಕಂಪ್ಯೂಟರ್‌ನಲ್ಲೇ ಮಾಡೋಣ ಬಿಡಿ. ನಮ್ಮ ಕಾನೂನು ಒಪ್ಪುತ್ತೆ" ಎಂದರು.

ನಾನು, ನನ್ನ ಹೆಂಡತಿ ಸಾಕ್ಷಿಗಳು. ತೆರೆಯ ಮೇಲೆ ನೋಟರಿ. ಮೈತೆ ಗುರುತಿನ ಚೀಟಿಯನ್ನು ಕ್ಯಾಮೆರಾದ ಮುಂದೆ ಹಿಡಿದಳು. ಮನೆ ಪಡೆಯುವವರು ಎದುರಿಗಿರಬಾರದೆಂದು ಲೋರ್ನಾಳನ್ನು ಅಡುಗೆಮನೆಗೆ ಕಳಿಸಿದೆವು.

"ಯಾರಾದ್ರೂ ಒತ್ತಾಯ ಮಾಡಿದಾರಾ ನಿಮಗೆ?" ನೋಟರಿ ಕೇಳಿದರು.

"ಯಾರು, ಲೋರ್ನಾನಾ? ಒಂದು ಲೋಟ ಕಾಫಿಗೆ ಗೋಗರೆದ್ರೂ ನಾನು ಮಾಡ್ಕೊಡಲ್ಲ."

"ಸುಳ್ಳಿ! ಬೆಳಿಗ್ಗೆ ತಾನೇ ಮಾಡ್ಕೊಟ್ಲು!" ಒಳಗಿಂದ ಕೂಗು ಬಂತು.

ನೋಟರಿ ನಗು ತಡೆದುಕೊಂಡರು. "ಮತ್ತೆ ಮನೆ ಅವರಿಗೇ ಯಾಕೆ?"

ಮೈತೆ ಅಡುಗೆಮನೆಯ ಕಡೆ ನೋಡಿದಳು. "ನಮ್ಮಮ್ಮನಿಗೆ ಅರುಳುಮರುಳಾದಾಗ ಮೈ ತೊಳೆದು, ತುತ್ತಿಟ್ಟು ನೋಡ್ಕೊಂಡಿದ್ದು ಇವಳು. ನನ್ನ ಕೈಲಿ ಆಗ್ಲಿಲ್ಲ. ಒಂದು ಒಳ್ಳೆ ಮಾತೂ ಆಡಿಲ್ಲ ನಾನು. ಈಗ ಆಡ್ತಿದೀನಿ, ಬರ್ಕೊಳ್ಳಿ."

ಅವಳು ತೆರೆಯ ಮೇಲೆ ಬೆರಳಿನಲ್ಲೇ ಸಹಿ ಮಾಡಿದಳು. ನಾವೂ ಮಾಡಿದೆವು. ಆಡಿದ್ದೆಲ್ಲ ವಿಡಿಯೊದಲ್ಲಿ ದಾಖಲಾಗಿ, ಯಾರೂ ತಿದ್ದದಂತೆ ಭದ್ರವಾಯಿತು.

ಲೋರ್ನಾ ಕಣ್ಣೊರೆಸುತ್ತ ಹೊರಬಂದಳು. "ಇಷ್ಟು ಹೇಳೋಕೆ ವಕೀಲ್ರು ಬೇಕಾಯ್ತೇನೇ ನಿನಗೆ?"

ಆಪರೇಷನ್ ಚೆನ್ನಾಗಿ ಆಯಿತು. ಮೈತೆ ಇನ್ನೂ ಕೆಲವು ವರ್ಷ ಜಗಳವಾಡಿಕೊಂಡೇ ಬಾಳಿ, ಒಂದು ವಸಂತದಲ್ಲಿ ತೀರಿಕೊಂಡಳು.

ಅಣ್ಣನ ಮಗ ಅಂದೋನಿ ಪಕ್ಕದ ರಾಜ್ಯದ ಬಾಯ್ಸಿ ನಗರದಿಂದ ಬಂದ. ಕಾಗದವೇ ಇಲ್ಲದ ಉಯಿಲು ಎಂಥದು ಎಂದು ಅವನಿಗೆ ಅನುಮಾನ. ವಕೀಲೆ ಅವನನ್ನು ಕೂರಿಸಿ ಅಂದಿನ ದೃಶ್ಯ ತೋರಿಸಿದರು. ಮುಗಿದ ಮೇಲೂ ಅವನು ಬಹಳ ಹೊತ್ತು ಏಳಲಿಲ್ಲ. ನ್ಯಾಯಾಲಯದಲ್ಲಿ ತಕರಾರು ಹೂಡಲೂ ಇಲ್ಲ, ಉಯಿಲು ಊರ್ಜಿತವಾಯಿತು.

ಹೊರಡುವ ಮುಂಚೆ ಲೋರ್ನಾಳ ಬಳಿ ಬಂದು, "ಅಜ್ಜೀನ ನೋಡ್ಕೊಂಡಿದ್ದು ಅತ್ತೆ ಅಂತಲೇ ತಿಳ್ಕೊಂಡಿದ್ದೆ. ನಿಮ್ಮ ಋಣ ದೊಡ್ಡದು" ಎಂದ.

"ನಿಮ್ಮಜ್ಜಿ ನನ್ನನ್ನ ಮಗಳೇ ಅಂತ ಕರೀತಿದ್ರು ಕಣಪ್ಪಾ," ಎಂದಳು ಲೋರ್ನಾ. "ಬಾ, ಉಂಡು ಹೋಗು."