ಆಮಾಳ ಮಾತು ಕಲಿತ ತುಮಿನಾ

ಹನ್ನೆರಡನೇ ಬ್ಲಾಕಿನ ನಾಲ್ಕನೇ ಮಹಡಿಯಲ್ಲಿ ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಒಂದು ಜಗಳ ಶುರುವಾಗುತ್ತಿತ್ತು. ಒಂದು ಗಂಟಲು ಎಂಬತ್ತು ದಾಟಿದ್ದು, ಇನ್ನೊಂದು ಮೂವತ್ತರ ಆಸುಪಾಸಿನದು. ನಡುನಡುವೆ ಪಾತ್ರೆ ಬಡಿಯುವ ಸದ್ದು. ಎದುರು ಮನೆಯವನು, ಎಂದರೆ ಇದನ್ನು ಬರೆಯುತ್ತಿರುವವನು, ಮಲಯ ನಾಡಿನ ಜೊಹೊರ್ ಬಾರುವಿನಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೆ ಯಾರ ಜಗಳವನ್ನಾದರೂ ಬಿಡಿಸುವ ಯೋಗ್ಯತೆ ತನಗೆ ಬಂದಿದೆಯೆಂದು ನಂಬಿ, ಒಂದು ದಿನ ಹೋಗಿ ಗೇಟು ತಟ್ಟಿದ. ಕೆಲಸದ ಹೆಂಗಸು ಕೈಯಲ್ಲಿ ಮೀನು ಹಿಡಿದುಕೊಂಡೇ ಬಂದಳು.

"ಜಗಳ ಅಲ್ಲಣ್ಣ, ಪಾಠ. ಆಮಾಗೆ ಕಿವಿ ಕೇಳ್ಸಲ್ಲ, ನನಗೆ ಮೀನಿನ ಹೆಸ್ರು ಬರಲ್ಲ."

ಅವಳೇ ತುಮಿನಾ. ಜಾವಾದ ಪೊನೊರೊಗೊ ಕಡೆಯವಳು. ನಾಲ್ಕು ವರ್ಷದ ಮಗಳು ರೆತ್ನೊಳನ್ನು ತನ್ನ ತಾಯಿಯ ಮಡಿಲಿಗೆ ಹಾಕಿ, ಎರಡೇ ವರ್ಷ ಎಂದು ಹೇಳಿ ಬಂದವಳು ಹನ್ನೊಂದು ವರ್ಷ ಉಳಿದುಬಿಟ್ಟಳು. ಈ ಊರಿನ ಮಲಯ ಮಾತು ಅವಳಿಗೆ ಕಷ್ಟವಾಗಲಿಲ್ಲ. ಆದರೆ ಮನೆಯ ಅಜ್ಜಿ ಆಮಾಳಿಗೆ ಗೊತ್ತಿದ್ದದ್ದು ಅವಳ ಹಿರಿಯರು ಚೀನಾದಿಂದ ತಂದ ತಿಯೊಚ್ಯೂ ಒಂದೇ. ಮೊಮ್ಮಗ ವೇಕ್ಯಾಟ್‌ನಿಗೆ ಅದು ಊಟ, ನಿದ್ದೆಯ ಎರಡು ಮಾತಿಗೆ ನಿಂತುಹೋಗಿತ್ತು. ಅವನು ತಿಯೊಚ್ಯೂ ಸಂಘದ ಯುವ ಘಟಕದ ಉಪಾಧ್ಯಕ್ಷ; ವಯಸ್ಸು ನಲವತ್ತಾರು. ವರ್ಷಕ್ಕೊಮ್ಮೆ ಅಜ್ಜಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ತಾಯ್ನುಡಿ ಉಳಿಸಿ ಎಂದು ಮ್ಯಾಂಡರಿನ್ನಿನಲ್ಲಿ ಭಾಷಣ ಮಾಡುತ್ತಿದ್ದ. ಆಮಾ ಎಲ್ಲರ ಜೊತೆ ಚಪ್ಪಾಳೆ ತಟ್ಟಿ, ಮನೆಗೆ ಬಂದು ತುಮಿನಾಳನ್ನು ಕೇಳುತ್ತಿದ್ದಳು: "ಯಾರು ಸತ್ತದ್ದೇ?"

ಬೈಸಿಕೊಂಡು ಕಲಿತದ್ದರಿಂದ ತುಮಿನಾಳಿಗೆ ಮೊದಲು ಬಂದದ್ದು ಬೈಗುಳ. ಮಾರುಕಟ್ಟೆಯಲ್ಲಿ ಮೀನಿನ ಆಹೇಂಗ್ ಕತ್ತಿ ಕೆಳಗಿಟ್ಟು ನಗುತ್ತಿದ್ದ.

"ಅಕ್ಕಾ, ಥೇಟ್ ನಮ್ಮಜ್ಜಿ ಬೈದಂಗೆ ಬೈತೀಯಲ್ಲ! ಈ ಮಾತು ಕೇಳಿ ಮೂವತ್ತು ವರ್ಷ ಆಗಿತ್ತು."

"ನಿಮ್ಮಜ್ಜಿಗೂ ಇಂಥ ಕೊಳೆತ ಮೀನೇ ಕೊಡ್ತಿದ್ಯಾ?"

ತುಮಿನಾ ಬಂದ ಒಂಬತ್ತನೇ ವರ್ಷಕ್ಕೆ ಆಮಾಳ ನೆನಪು ಕಲಸಿಹೋಯಿತು. ಒಂದು ಬೆಳಿಗ್ಗೆ ಗಂಜಿ ತಂದ ತುಮಿನಾಳ ತಲೆವಸ್ತ್ರವನ್ನೇ ದಿಟ್ಟಿಸಿ, ಕೈ ಹಿಡಿದುಕೊಂಡಳು.

"ಬಂದ್ಯಾ? ಅವರ ಮನೇಲಿ ಚೆನ್ನಾಗಿ ನೋಡ್ಕೊಂಡ್ರಾ?"

ಯುದ್ಧದಲ್ಲಿ ಗೆದ್ದ ಜಪಾನಿಯರು ಈ ಊರನ್ನು ಆಳಿದ ಕಾಲದಲ್ಲಿ, ಅಕ್ಕಿಯೇ ಸಿಗದ ವರ್ಷ, ಮೂರು ವರ್ಷದ ಮಗಳನ್ನು ಹೊಳೆಯಾಚೆಯ ಮಲಯ ಮನೆಯೊಂದಕ್ಕೆ ಕೊಟ್ಟುಬಿಟ್ಟಿದ್ದಳಂತೆ. ಮನೆಯಲ್ಲಿ ಯಾರಿಗೂ ಗೊತ್ತಿರದ ಸಂಗತಿ. ಮಲಯ ಹೆಂಗಸರಂತೆ ತಲೆವಸ್ತ್ರ ಹೊದ್ದು, ಬಾಯಲ್ಲಿ ಹಳೆಯ ತಿಯೊಚ್ಯೂ ಆಡುತ್ತ ಗಂಜಿ ತರುವವಳು ಇನ್ನು ಯಾರಿರಲು ಸಾಧ್ಯ?

"ನಾನು ತುಮಿನಾ, ಆಮಾ."

"ಹೆಸರೂ ಬದಲಾಯಿಸಿಬಿಟ್ರಾ!" ಎಂದು ಆಮಾ ಅತ್ತಳು. "ಮಾತು ಮಾತ್ರ ಮರೀಲಿಲ್ಲ ನೋಡು ನೀನು. ನನ್ಮೇಲೆ ಕೋಪಾನಾ?"

ಇಷ್ಟು ಚೆನ್ನಾಗಿ ಕಲಿಯಬಾರದಿತ್ತು ಎಂದು ತುಮಿನಾಳಿಗೆ ಮೊದಲ ಬಾರಿ ಅನ್ನಿಸಿದ್ದು ಆಗ. ಅಂದಿನಿಂದ ದಿನಕ್ಕೊಂದು ಸಲವಾದರೂ ಅದೇ ಪ್ರಶ್ನೆ. ಕೋಪವಿಲ್ಲ ಅನ್ನಲು ಎರಡು ಶಬ್ದ ಸಾಕು, ಅವು ಬಾಯಲ್ಲೇ ಇದ್ದವು. ಆದರೆ ಆ ಪ್ರಶ್ನೆಯನ್ನು ಅವಳೇ ರೆತ್ನೊಳಿಗೆ ಕೇಳಬೇಕೆಂದು ಎಷ್ಟೋ ವರ್ಷಗಳಿಂದ ಕಾದಿದ್ದಳು. ಭಾನುವಾರದ ಫೋನಿನಲ್ಲಿ ರೆತ್ನೊ ಅಜ್ಜಿಯನ್ನು ಅಮ್ಮ ಅನ್ನುತ್ತಿದ್ದಳು; ಹೆತ್ತವಳ ಜೊತೆ ಮಾತ್ರ, ಕಚೇರಿಯಿಂದ ಬಂದ ಅಧಿಕಾರಿಗೆ ಉತ್ತರ ಕೊಡುವಂತೆ, ಜಾವಾದ ಗೌರವದ ಮಾತಿನಲ್ಲಿ ಹೌದು, ಇಲ್ಲ ಎಂದು ಮುಗಿಸುತ್ತಿದ್ದಳು. ಬಿಟ್ಟು ಹೋದ ತಾಯಿಗೆ ಕ್ಷಮೆ ಕೊಡುವುದು ಹಿಂದೆ ಉಳಿದ ಮಗುವಿನ ಹಕ್ಕು. ತಾನು ಬಿಟ್ಟು ಬಂದ ಕಡೆಯವಳು. ಹಾಗಾಗಿ ತುಮಿನಾ ಪ್ರತಿಸಲವೂ ಒಂದೇ ಮಾತು ಹೇಳುತ್ತಿದ್ದಳು: "ಗಂಜಿ ಆರಿಹೋಗುತ್ತೆ ಆಮಾ, ಕುಡೀರಿ."

ಒಂದು ಮಂಗಳವಾರ ಮಧ್ಯಾಹ್ನ ಆಮಾ ಮತ್ತೆ ಕೇಳಿದಳು. ತುಮಿನಾ ಗಂಜಿ ಬಿಸಿ ಮಾಡಲು ಎದ್ದು ಹೋದಳು. ಬಟ್ಟಲು ಹಿಡಿದು ಬರುವಷ್ಟರಲ್ಲಿ ಕೇಳುವವಳು ಇರಲಿಲ್ಲ.

ಬ್ಲಾಕಿನ ಕೆಳಗೆ ಶಾಮಿಯಾನ ಎದ್ದಿತು. ಐದನೇ ದಿನ ಶವ ಎತ್ತುವ ಮೊದಲು ಸತ್ತವರಿಗೆ ಕಡೆಯ ಊಟ ಇಟ್ಟು, ತೃಪ್ತಿಯಾಯಿತೇ ಎಂದು ಎರಡು ನಾಣ್ಯ ಎಸೆದು ಕೇಳಬೇಕು. ನಾಣ್ಯದ ಒಂದು ಮುಖಕ್ಕೆ ಕೆಂಪು ಬಳಿದಿರುತ್ತದೆ, ಇನ್ನೊಂದು ಬೆಳ್ಳಗೇ ಇರುತ್ತದೆ. ಒಂದು ಕೆಂಪು, ಒಂದು ಬಿಳಿ ಬಿದ್ದರೆ ಹೂಂ ಎಂದು ಅರ್ಥ. ಎರಡೂ ಒಂದೇ ಆದರೆ ಸತ್ತವರಿಗೆ ಇನ್ನೂ ಏನೋ ಬಾಕಿಯಿದೆ, ಹೊರಡುವುದಿಲ್ಲ.

ವೇಕ್ಯಾಟ್ ಗಂಟಲು ಸರಿಪಡಿಸಿಕೊಂಡು, ಸಂಘದವರೆಲ್ಲ ಕೇಳಲಿ ಎಂಬಂತೆ ಮ್ಯಾಂಡರಿನ್ನಿನಲ್ಲಿ ಪೂಜ್ಯ ಅಜ್ಜಿಯವರನ್ನು ವಿನಂತಿಸಿದ. ಎರಡೂ ಕೆಂಪು. ಚಹಾ ಇಡಿಸಿದ. ಎರಡೂ ಬಿಳಿ. ಅವಳ ಬೀಸಣಿಗೆ ತಂದಿಟ್ಟ. ಕೊನೆಗೆ ತನಗೆ ಬರುವ ಎರಡು ತಿಯೊಚ್ಯೂ ಮಾತಲ್ಲಿ ಊಟ ಆಯ್ತಾ ಎಂದೂ ಕೇಳಿದ. ಏಳು ಸಲ ಎಸೆದರೂ ಆಮಾ ಒಪ್ಪಲಿಲ್ಲ.

ಪುರೋಹಿತ ಗಡಿಯಾರ ನೋಡಿದ. "ಆಯಮ್ಮನ ಜೊತೆ ಮನೇಲಿ ಮಾತಾಡ್ತಿದ್ದೋರು ಯಾರಯ್ಯಾ? ಅವರನ್ನ ಕರಿ. ಲಾರಿಯವನು ಕಾಯ್ತಿದ್ದಾನೆ."

ಎಲ್ಲರೂ ಹಿಂದೆ ತಿರುಗಿದರು. ತುಮಿನಾ ಲೋಟ ತೊಳೆಯುತ್ತಿದ್ದಳು.

"ನಾನು ಊದುಬತ್ತಿ ಹಿಡಿಯಲ್ಲ ಬಾಸ್, ನಮ್ಮ ಧರ್ಮದಲ್ಲಿ ಅದಿಲ್ಲ. ಮಾತಾಡಿದ್ರೆ ಸಾಕಾ?"

"ಊಟ ಆಯ್ತಾ ಅಂತ ಕೇಳು, ಸಾಕು," ಎಂದ ವೇಕ್ಯಾಟ್.

ತುಮಿನಾ ಒದ್ದೆ ಕೈ ಒರೆಸಿಕೊಂಡು ಶವಪೆಟ್ಟಿಗೆಯ ಪಕ್ಕ ನಿಂತಳು. ಹನ್ನೊಂದು ವರ್ಷದ ರೂಢಿ, ಕಿವುಡಿಗೆ ಕೂಗುವಂತೆಯೇ ಕೂಗಿದಳು.

"ಅವ್ವಾ! ಊಟ ಆಯ್ತಾ?" ಅಲ್ಲಿಗೆ ನಿಲ್ಲಿಸಲಿಲ್ಲ. "ನಾನು ಬಂದಿದೀನಿ. ಅವರ ಮನೇಲಿ ಚೆನ್ನಾಗಿ ನೋಡ್ಕೊಂಡ್ರು. ಹೊಟ್ಟೆ ತುಂಬ ಅನ್ನ ಹಾಕಿದ್ರು. ನಿನ್ಮೇಲೆ ಕೋಪ ಇಲ್ಲ ಕಣವ್ವಾ. ನೀ ಹೊರಡು."

ಸಂಘದವರಿಗೆ ಊಟದ ಮಾತಿನಾಚೆ ಏನೂ ತಿಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಮೀನಿನ ಆಹೇಂಗ್ ಮಾತ್ರ ಮುಖ ಆಚೆ ತಿರುಗಿಸಿಕೊಂಡ. ನಾಣ್ಯಗಳು ಬಿದ್ದವು. ಒಂದು ಕೆಂಪು, ಒಂದು ಬಿಳಿ.

ಎಲ್ಲರೂ ಉಸ್ಸಪ್ಪಾ ಎಂದರು. ತುಮಿನಾಳಿಗೆ ಹಗುರವಾಗಲಿಲ್ಲ. ಯಾವ ಮನೆಯಲ್ಲೋ ಮುದುಕಿಯಾಗಿರಬಹುದಾದ, ಸತ್ತೇ ಹೋಗಿರಬಹುದಾದ ಹೆಂಗಸಿನ ಮಾತನ್ನು ತಾನು ಕದ್ದು ಕೊಟ್ಟಂತಾಯಿತು. ಅದೂ ಆಮಾ ಬದುಕಿದ್ದಾಗ ಕೊಡದೆ.

ಊರಿಗೆ ಹೊರಡುವ ಹಿಂದಿನ ಸಂಜೆ ಅವಳು ಫೋನ್ ಮಾಡಿ ಮಗಳನ್ನು ಕೇಳಿಯೇಬಿಟ್ಟಳು. "ರೆತ್ನೊ, ನನ್ಮೇಲೆ ಕೋಪಾನಾ?"

ಅದೇ ಗೌರವದ ಮಾತಿನಲ್ಲಿ ಉತ್ತರ ಬಂತು.

"ತಮ್ಮ ದೋಣಿ ಎಷ್ಟು ಗಂಟೆಗೆ?"

ಮಾರನೇ ದಿನ ದೋಣಿಕಟ್ಟೆಗೆ ವೇಕ್ಯಾಟನೇ ಕಾರಿನಲ್ಲಿ ಬಿಡಲು ಬಂದ. ಪಕ್ಕದಲ್ಲಿ ಕೂತವಳ ಕಣ್ಣು ಊದಿದ್ದು ಅವನಿಗೆ ಕಾಣಲಿಲ್ಲ. ಅವನ ಕೊರಗೇ ಬೇರೆ.

"ನಿಜ ಹೇಳು ತುಮಿನಾ, ಸಂಘದವರ ಮುಂದೆ ಮರ್ಯಾದೆ ಹೋಯ್ತು. ನಾನು ಏಳು ಸಲ ಕೇಳ್ದೆ, ನೀನು ಒಂದೇ ಸಲ. ನನ್ನ ಉಚ್ಚಾರದಲ್ಲಿ ಏನು ತಪ್ಪಿತ್ತು?"

"ಉಚ್ಚಾರ ಚೆನ್ನಾಗೇ ಇತ್ತು ಬಾಸ್," ಅಂದಳು ತುಮಿನಾ. "ಆಮಾ ಕಾಯ್ತಿದ್ದದ್ದು ನಿಮ್ಮನ್ನಲ್ಲ."