ನೋಡೋಣ ಮೇಸ್ತ್ರಿಯ ಬೀದಿಕೋಣೆ

ಊರಿನಲ್ಲೇ ಒಳ್ಳೆಯ ಬೆಳಕು ಬೀಳುವ ಕೋಣೆ ಆ ಮನೆಯಲ್ಲಿತ್ತು. ಬೀದಿಗೆ ತೆರೆದ ದೊಡ್ಡ ಕಿಟಕಿ, ಗಟ್ಟಿ ನೆಲ, ಸೋರದ ಸೂರು. ಇಷ್ಟೆಲ್ಲ ಅನುಕೂಲವಿದ್ದ ಕೋಣೆಯಲ್ಲಿ ಸುಖವಾಗಿ ವಾಸ ಮಾಡುತ್ತಿದ್ದದ್ದು ತಿರುಗದ ಫ್ಯಾನುಗಳು, ಬಿಸಿಯಾಗದ ಇಸ್ತ್ರಿಪೆಟ್ಟಿಗೆಗಳು, ನೀರೆತ್ತದ ಪಂಪುಗಳು, ಮತ್ತೆ ಯಾವ ಯಂತ್ರಕ್ಕೆ ಸೇರಿದ್ದೆಂದು ದೇವರಿಗೂ ತಿಳಿಯದ ಒಂದು ಬುಟ್ಟಿ ನಟ್ಟು-ಬೋಲ್ಟು. ಮನೆಯ ಸೊಸೆ ಮಾತ್ರ ಅಡುಗೆಮನೆಗೂ ಹಿತ್ತಿಲ ಬಾಗಿಲಿಗೂ ನಡುವಿನ ಇಕ್ಕಟ್ಟಿನಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು, ಮೊಣಕೈ ಮಡಿಸಿ ಬಾಳುತ್ತಿದ್ದಳು.

ಹೊಲಿಗೆಯವಳೆಂದರೆ ಸುತ್ತಮುತ್ತ ಅವಳೇ. ಒಮ್ಮೆ ಕಣ್ಣಾಡಿಸಿದರೆ ಸಾಕು, ಅಳತೆಪಟ್ಟಿಯೇ ಬೇಡ ಎಂದು ಜನ ಹೊಗಳುತ್ತಿದ್ದರು. ಅವಳು ಮಾತ್ರ ಪಟ್ಟಿ ಹಿಡಿದೇ ಅಳೆಯುತ್ತಿದ್ದಳು. ಬರೀ ಹೊಗಳಿಕೆಯಿಂದ ರವಿಕೆಯ ತೋಳು ಸರಿಯಾಗಿ ಕೂರುವುದಿಲ್ಲವಲ್ಲ. ಒಂದು ತೋಳು ಹೊಲಿದು ಮುಗಿಸುವುದರೊಳಗೆ ಆ ದಾರಿಯಲ್ಲಿ ಹಾಲಿನ ಬಕೆಟ್ಟು ಹೋಗಬೇಕು, ಮೇವಿನ ಹೊರೆ ಬರಬೇಕು, ಸಾಕ್ಸು ಹುಡುಕುವ ಮಗಳು ಹೋಗಿ ಬಂದು ಮತ್ತೆ ಹೋಗಬೇಕು. ಒಲೆಯ ಮೇಲೆ ಏನಾದರೂ ಉಕ್ಕಿದರೆ ಅತ್ತೆ ಕೂಗುತ್ತಿದ್ದದ್ದೂ ಇವಳನ್ನೇ, ಹೇಗೂ ಹತ್ತಿರದಲ್ಲೇ ಇದ್ದಾಳಲ್ಲ ಎಂದು.

ಮಾವ ಒಂದು ಕಾಲದ ಪಂಪು ಮೇಸ್ತ್ರಿ. ಕೆಟ್ಟದ್ದನ್ನು ಯಾರು ತಂದರೂ "ಇಟ್ಟು ಹೋಗು, ನೋಡೋಣ" ಅನ್ನುವುದೇ ಅವರ ಪದ್ಧತಿ. ಪಂಪಿನಿಂದ ಶುರುವಾದ ಈ ನೋಡೋಣ ಕ್ರಮೇಣ ಫ್ಯಾನಿಗೂ, ಗಡಿಯಾರಕ್ಕೂ, ಕೊನೆಗೆ ಒಂದು ಕಾಲು ಮುರಿದ ಮಂಚಕ್ಕೂ ಹಬ್ಬಿತು. ಊರಿನವರು ಅವರಿಗೆ ನೋಡೋಣ ಮೇಸ್ತ್ರಿ ಎಂದೇ ಹೆಸರಿಟ್ಟರು. ಈಚೆಗೆ ಕಣ್ಣು ಮಂಜಾಗಿತ್ತು, ಬೆರಳು ನಡುಗುತ್ತಿತ್ತು. ಸಾಮಾನು ಬರುವುದು ಮಾತ್ರ ನಿಂತಿರಲಿಲ್ಲ.

ಹೀಗಿರುವಾಗ ಕಿರಾಣಿ ಅಂಗಡಿಯ ಯಜಮಾನಿ ಮಗಳ ಮದುವೆ ಬಟ್ಟೆಯ ಗಂಟು ಹೊತ್ತು ಬಂದಳು. ಹೊಲಿಗೆಯವಳು ಕತ್ತರಿಸಿಟ್ಟಿದ್ದ ಅಸ್ತರಿನ ಬಟ್ಟೆಯ ಮೇಲೆ ಒಂದು ಕೋಳಿ, ಇನ್ನೇನು ಮೊಟ್ಟೆ ಇಟ್ಟೇಬಿಡುತ್ತೇನೆ ಎಂಬ ಗಾಂಭೀರ್ಯದಲ್ಲಿ ಕೂತಿತ್ತು.

"ಇದೇನು, ಇವಳೂ ಅಳತೆ ಕೊಡೋಕೆ ಬಂದಿದಾಳಾ?" ಎಂದಳು ಯಜಮಾನಿ.

ಹೊಲಿಗೆಯವಳು ಕೋಳಿಯನ್ನು ಓಡಿಸಿ, ನಗಲು ನೋಡಿದಳು. ಯಜಮಾನಿ ಗಂಟನ್ನು ಕಂಕುಳಿಂದ ಇಳಿಸಲೇ ಇಲ್ಲ.

"ನಿನ್ನ ಕೈಯ ಬಗ್ಗೆ ನಾನು ಎರಡು ಮಾತಾಡಲ್ಲ ಕಣಮ್ಮ. ಆದ್ರೆ ಇದು ಕೆನೆ ಬಣ್ಣದ ಬಟ್ಟೆ. ಬರೋ ವಾರ ಬರ್ತೀನಿ, ಒಂದು ಚೊಕ್ಕ ಜಾಗ ತೋರಿಸು. ಮನೆಮಂದಿದೆಲ್ಲ ನಿನಗೇ ಕೊಡ್ತೀನಿ. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡ, ಪೇಟೆಗೆ ಕೊಡ್ತೀನಿ."

ಮದುವೆಮನೆ ಪೇಟೆಯ ದಾರಿ ಹಿಡಿದರೆ ಹಿಂದೆಯೇ ಊರೂ ಹಿಡಿಯುತ್ತದೆ. ಆಮೇಲೆ ಇವಳೂ ಅದೇ ದಾರಿಯಲ್ಲಿ ಹೋಗಿ, ಯಾರದೋ ಅಂಗಡಿಯಲ್ಲಿ ಕೂತು, ದಿನವಿಡೀ ಬರೀ ಗುಂಡಿ ಹಚ್ಚಬೇಕು. ಅವಳಿಗೆ ಆ ಹೊತ್ತಿಗೆ ಅರ್ಥವಾಯಿತು: ತನಗೆ ಬೇಕಾದದ್ದು ಬೀದಿಕೋಣೆ, ಅದೂ ಈ ವಾರವೇ.

ತಿಂಡಿಯ ಹೊತ್ತಿಗೆ ಮಾತು ತೆಗೆದಳು. "ಮಾವ, ಬೀದಿಕೋಣೆ ಸ್ವಲ್ಪ ಖಾಲಿ ಮಾಡೋಣ್ವಾ?"

"ಖಾಲಿ ಮಾಡೋಕೆ ಅದೇನು ನಮ್ಮ ಸಾಮಾನಾ? ಊರಿನವರದ್ದು. ನನ್ನ ನಂಬಿ ಇಟ್ಟು ಹೋಗಿದಾರೆ. ಒಂದು ಸ್ಕ್ರೂ ಆಚೆ ಹೋಗಕೂಡದು."

ಅತ್ತೆ ತಟ್ಟೆ ಎತ್ತುತ್ತಾ, "ನನ್ನನ್ನೂ ಇವರು ಹಂಗೇ ತಾನೆ ತಂದಿದ್ದು? ನಮ್ಮಪ್ಪ ಕೇಳಿದಾಗ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನೋಡೋಣ ಅಂದ್ರು. ಇನ್ನೂ ನೋಡ್ತಾನೇ ಇದಾರೆ" ಎಂದರು.

ಗಂಡ ಗಬಗಬ ತಿಂದು ಎದ್ದ. "ಅಪ್ಪನ ಕೋಣೆ ವಿಷಯಕ್ಕೆ ನನ್ನ ಎಳೀಬೇಡ ಮಾರಾಯ್ತಿ. ನನಗೆ ಹೊಲದಲ್ಲಿ ಕೆಲಸ ಇದೆ." ಅವನಿಗೆ ಇಂಥ ಹೊತ್ತಿನಲ್ಲೇ ಹೊಲದ ಮೇಲೆ ಪ್ರೀತಿ ಉಕ್ಕುತ್ತಿತ್ತು.

ಅವಳು ಯಂತ್ರದ ಮುಂದೆ ಕೂತು ಪೆಡಲು ತುಳಿಯುತ್ತಲೇ ಲೆಕ್ಕ ಹಾಕಿದಳು. ಸಾಮಾನು ಊರಿನವರದ್ದಾದರೆ ಊರಿನವರೇ ಒಯ್ಯಲಿ. ಕರೆದರೆ ಬರುತ್ತಾರೆಯೇ? ಬರುವುದಿಲ್ಲ. ಆದರೆ ಅರ್ಧ ಊರಿನ ಹೊಸ ಬಟ್ಟೆ ಹೊಲಿದು ಮುಗಿದು ತನ್ನ ಪೆಟ್ಟಿಗೆಯಲ್ಲಿದೆ, ಮದುವೆ ಹತ್ತಿರದಲ್ಲಿದೆ. ಭಾನುವಾರ ಬೆಳಿಗ್ಗೆ ಬಂದು ಬಟ್ಟೆ ತೆಗೆದುಕೊಂಡು ಹೋಗಿ ಎಂದು ಎಲ್ಲರಿಗೂ ಹೇಳಿಕಳಿಸಿದಳು.

ಮೊದಲು ಬಂದವರು ಶಾಲೆಯ ಟೀಚರು.

"ಅಂಗಿ ಆಯ್ತಾಮ್ಮ?"

"ಆಗಿದೆ ಟೀಚರಮ್ಮ, ಕೊಡ್ತೀನಿ. ಅದಕ್ಕೆ ಮುಂಚೆ ನಿಮ್ಮ ಇಸ್ತ್ರಿಪೆಟ್ಟಿಗೆ ಒಳಗೆ ಕಾಯ್ತಾ ಕೂತಿದೆ, ಅದನ್ನ ಕರ್ಕೊಂಡು ಬನ್ನಿ."

"ಅಯ್ಯೋ, ಅದು ಇನ್ನೂ ಇದೆಯಾ?"

"ಇದೆ. ಆರಾಮಾಗಿದೆ. ಬಿಸಿ ಒಂದು ಆಗಲ್ಲ ಅಷ್ಟೇ."

ಹೀಗೆ ಒಬ್ಬೊಬ್ಬರನ್ನೂ ಒಳಗೆ ನೂಕಿದಳು. ಕೋಣೆ ತುಂಬ ಜನ, ಧೂಳು, ಕೆಮ್ಮು. ಮಾವ ಮಾತ್ರ ಎಲ್ಲೂ ಕಾಣಲಿಲ್ಲ. ಹುಡುಕಿದರೆ ಕೊಟ್ಟಿಗೆಯಲ್ಲಿದ್ದರು, ಆಗಲೇ ತೊಳೆದು ಕಟ್ಟಿದ್ದ ಹಸುವನ್ನು ಮತ್ತೆ ಉಜ್ಜುತ್ತಿದ್ದರು. ಹಸುವಿಗೂ ಆಶ್ಚರ್ಯವಾಗಿರಬೇಕು.

"ಮಾವ, ಜನ ಬಂದಿದಾರೆ."

"ಗೊತ್ತು." ಅವರು ತಿರುಗಲಿಲ್ಲ. "ಏನಂತ ಮುಖ ತೋರಿಸ್ಲಿ? ಇಷ್ಟು ದಿನ ಇಟ್ಕೊಂಡು ಮೇಸ್ತ್ರಿ ಕೈಲಿ ಆಗಲಿಲ್ಲ ಅಂತಾರೆ. ಸಾಮಾನು ಇಲ್ಲಿರೋವರೆಗೂ ಮಾಡ್ತಾರೇನೋ ಅಂದ್ಕೊಂಡಿರ್ತಾರೆ ತಾನೆ?"

ಮದುವೆ ಬಟ್ಟೆ ಪೇಟೆಗೆ ಹೋದರೆ ಹೋಗಲಿ, ಎಲ್ಲರನ್ನೂ ವಾಪಸು ಕಳಿಸಿಬಿಡೋಣ ಎಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಬೀದಿಕೋಣೆಯಿಂದ ಹಾಲಿನ ಡೇರಿಯವನ ದೊಡ್ಡ ಗಂಟಲು ಕೊಟ್ಟಿಗೆಯವರೆಗೂ ಬಂತು.

"ಈ ಮಂಚಾನಾ? ಇದನ್ನ ರಿಪೇರಿಗೆ ಯಾರು ಕೊಟ್ರು! ಬಿಸಾಕೋಣ ಅಂದ್ರೆ ನಮ್ಮಮ್ಮ ಬಿಡ್ತಿರಲಿಲ್ಲ. ಮೇಸ್ತ್ರಿ ಹತ್ರ ಇದೆ ಅಂದ್ರೆ ಅವರಿಗೂ ಸಮಾಧಾನ, ನಮಗೂ ಮನೇಲಿ ಜಾಗ."

ಒಳಗೆ ನಗು ಎದ್ದಿತು. "ನಮ್ಮ ಫ್ಯಾನೂ ಹಂಗೇನೇ" ಎಂದು ಒಬ್ಬರು. "ನಾನು ಹೊಸ ಪಂಪು ತಂದು ಎಷ್ಟೋ ಕಾಲವಾಯ್ತು, ಹಳೇದು ಅಡ್ಡ ಆಗ್ತಿತ್ತು" ಎಂದು ಇನ್ನೊಬ್ಬರು. ಟೀಚರೂ ನಕ್ಕದ್ದು ಕೇಳಿಸಿತು.

ಮಾವನ ಕೈ ಹಸುವಿನ ಬೆನ್ನ ಮೇಲೆ ನಿಂತಿತು. ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು. ಕೈ ಒರೆಸಿಕೊಳ್ಳದೆಯೇ ಅಂಗಳ ದಾಟಿ ಬೀದಿಕೋಣೆಯ ಬಾಗಿಲಲ್ಲಿ ನಿಂತರು.

"ಹಾಗಾದ್ರೆ ನಾನೇನ್ರಯ್ಯಾ, ನಿಮ್ಮೂರ ತಿಪ್ಪೆ ಕಾಯೋನಾ?"

"ಮೇಸ್ತ್ರಿ, ತಮಾಷೆಗೆ..." ಎಂದ ಡೇರಿಯವನು.

"ತಮಾಷೆ ಆಮೇಲೆ. ಮೊದಲು ಮಂಚ ಹೊರು. ಆ ಕಡೆ ಹಿಡಿ, ನಾನು ಈ ಕಡೆ ಹಿಡೀತೀನಿ."

ಅಲ್ಲಿಂದ ಮುಂದೆ ಸೊಸೆಗೆ ಬಟ್ಟೆ ಮಡಚಿ ಕೊಡುವುದೇ ಕೆಲಸವಾಯಿತು, ಸಾಮಾನು ಹೊರಿಸುವ ಕೆಲಸವನ್ನು ಮಾವನೇ ವಹಿಸಿಕೊಂಡರು. ಯಾರಾದರೂ "ಇದೊಂದು ಇಲ್ಲೇ ಇರ್ಲಿ" ಎಂದರೆ ಸಾಕು, ಎರಡು ಕೈಗೂ ಒಂದೊಂದು ಕೊಟ್ಟು ಕಳಿಸುತ್ತಿದ್ದರು. ಯಾರಿಗೂ ಬೇಡವಾದದ್ದನ್ನು ಬೀದಿಯಲ್ಲಿ ಒಟ್ಟಿದರು. ಹೊಲದಿಂದ ಬಂದ ಮಗ ಆ ರಾಶಿ ನೋಡಿ ತಿರುಗಿ ಹೋಗುವಷ್ಟರಲ್ಲಿ, "ಟ್ರ್ಯಾಕ್ಟರ್ ತಾ, ಗುಜರಿಯವನ ಹತ್ರ ಹಾಕಿ ಬಾ" ಎಂದು ಅಪ್ಪ ಗದರಿಸಿದರು. ಅತ್ತೆ ಬಾಗಿಲ ಸಂದಿಯಿಂದ ನೋಡಿ, "ನನ್ನನ್ನೂ ಟ್ರ್ಯಾಕ್ಟರಿಗೆ ಹಾಕಿಬಿಡ್ತಾರೇನೋ" ಎಂದುಕೊಂಡು ಒಳಗೆ ಹೋದರು.

ಎಲ್ಲರೂ ಹೋದ ಮೇಲೆ ಆರೋಗ್ಯ ಕೇಂದ್ರದ ನರ್ಸಮ್ಮ ಒಬ್ಬರು ಉಳಿದರು.

"ನಂದೊಂದು ಎಸೀಬೇಡಿ ಮೇಸ್ತ್ರಿ. ಮಗು ತೂಗೋ ತಕ್ಕಡಿ. ನನಗೆ ನಿಜವಾಗ್ಲೂ ಬೇಕಿತ್ತು. ಪದೇ ಪದೇ ಕೇಳೋಕೆ ಸಂಕೋಚ ಆಗಿ ಸುಮ್ಮನಿದ್ದೆ."

ಮಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಸ್ಪ್ರಿಂಗಿನ ಕೊಕ್ಕೆ ಕಳಚಿದೆ ಅಷ್ಟೇ. ಆದ್ರೆ ನನ್ನ ಬೆರಳು ಅಲ್ಲಿ ನಿಲ್ಲಲ್ಲ." ಇಷ್ಟು ಹೇಳಲು ಅವರಿಗೆ ಮಂಚ ಹೊತ್ತದ್ದಕ್ಕಿಂತ ಹೆಚ್ಚು ಕಷ್ಟವಾಯಿತು.

ಸೊಸೆ ತನ್ನ ಹೊಲಿಗೆ ಪೆಟ್ಟಿಗೆಯಿಂದ ಚಿಮಟ ತಂದಳು. ದಿನವೂ ಸೂಜಿಗೆ ದಾರ ಪೋಣಿಸುವ ಕೈ. "ಎಲ್ಲಿ ಅಂತ ಹೇಳಿ ಮಾವ."

"ಒಳಗೆ. ಇನ್ನೂ ಒಳಗೆ. ಹಾಂ, ಎಡಕ್ಕೆ ತಿರುಗಿಸು. ಬಿಡು."

ಮುಳ್ಳು ಅಲುಗಾಡಿ ಸೊನ್ನೆಗೆ ಬಂದು ನಿಂತಿತು. ನರ್ಸಮ್ಮ ತಕ್ಕಡಿಯನ್ನು ಮಗುವಿನಂತೆಯೇ ಎತ್ತಿಕೊಂಡು ಹೋದರು.

ಮಾವ ಖಾಲಿ ಕೋಣೆಯನ್ನು ಸುತ್ತ ನೋಡಿದರು. "ನನಗೂ ಒಂದು ಮೇಜಿನಷ್ಟು ಜಾಗ ಇರ್ಲಿ. ಇಂಥ ಸಣ್ಣಪುಟ್ಟದಕ್ಕೆ."

"ಇರ್ಲಿ ಮಾವ. ಕಿಟಕಿ ನನಗೆ, ಆ ಗೋಡೆ ನಿಮಗೆ."

"ಮೇಜಿನ ಕೆಳಗೆ?"

"ಕೆಳಗೆ ನಿಮ್ಮ ಕಾಲು."

ವ್ಯಾಪಾರ ಅಲ್ಲಿಗೆ ಕುದುರಿತು.

ವಾರ ಕಳೆದು ಯಜಮಾನಿ ಬಂದಾಗ ಗೋಡೆಗೆ ಸುಣ್ಣ ಬಳಿದಾಗಿತ್ತು. ಅವಳು ಕಿಟಕಿಯ ಅಂಚಿಗೆ ಬೆರಳು ಹಚ್ಚಿ ನೋಡಿದಳು, ಬೆರಳನ್ನೂ ನೋಡಿದಳು, ಗಂಟು ಇಳಿಸಿದಳು. ಹೊಲಿಗೆಯವಳು ಬಟ್ಟೆ ಬಿಚ್ಚಿದಳು. ಇಷ್ಟು ವರ್ಷ ಇಕ್ಕಟ್ಟಿನಲ್ಲಿ ಮಡಿಸಿ ಮಡಿಸಿಯೇ ಕತ್ತರಿಸಿದವಳು. ಒಂದು ಇಡೀ ಬಟ್ಟೆಯನ್ನು ಉದ್ದಕ್ಕೆ ಹಾಸಿ ನೋಡಿದ್ದು ಅವತ್ತೇ. ಅದು ಅವಳ ಮೇಜು ದಾಟಿ ಮಾವನ ಮೇಜಿನವರೆಗೂ ಹರಿಯಿತು. ಮಾವ ಸ್ಕ್ರೂ ಬಿಚ್ಚುವ ತಿರುಪುಳಿಯನ್ನು ಬದಿಗಿಟ್ಟು, ಕೈ ಒರೆಸಿಕೊಂಡು, ತುದಿ ನೆಲಕ್ಕೆ ತಾಗದಂತೆ ಎತ್ತಿ ಹಿಡಿದರು.

"ಎಳೀಬೇಡಿ ಮಾವ, ಸುಮ್ನೆ ಹಿಡ್ಕೊಂಡಿರಿ."

"ಹಿಡಿದಿದೀನಿ. ನೀನು ಕತ್ತರಿಸು."

ಅವಳು ಸೀಮೆಸುಣ್ಣದ ಗೆರೆಯನ್ನು ಇನ್ನೊಮ್ಮೆ ಪಟ್ಟಿಯಿಟ್ಟು ಅಳೆದು, ಕತ್ತರಿ ಹಾಕಿದಳು.