ಹಾರೋಹಳ್ಳಿ ಗೇಟಿನವರೆಗೆ

ಚನ್ನಪಟ್ಟಣದಿಂದ ಬೆಳಗಿನ ಬಸ್ಸಿಗೆ ಹೊರಟೆ. ರಾಮನಗರದಲ್ಲಿ ಇಳಿದು ಕನಕಪುರದ ಬಸ್ಸು, ಅಲ್ಲಿಂದ ಹಾರೋಹಳ್ಳಿಗೆ ಇನ್ನೊಂದು. ನನ್ನ ತಮ್ಮ ಮಾದೇಶ ಅಲ್ಲಿನ ಕಾರ್ಖಾನೆಯಲ್ಲಿ ಫ್ಲೋರಿನ್ ಅನಿಲ ತೆಗೆಯುವ ಕೆಲಸದಲ್ಲಿದ್ದ. ಈಗ ಅವನನ್ನು ಅದರಿಂದ ತೆಗೆದು ಡ್ರಮ್ಮು ತೊಳೆಯಲು ಹಾಕಿದ್ದರು. ಅದಕ್ಕೆ ಕಾರಣ ನಾನು. ಆ ಮಾತನ್ನು ಅವನ ಸಾಹೇಬರಿಗೆ ಹೇಳಿ ಬರೋಣವೆಂದೇ ಹೊರಟಿದ್ದೆ.

ರಾಮನಗರದಲ್ಲಿ ಸಣ್ಣಗೆ ಹನಿಯುತ್ತಿತ್ತು. ರೇಷ್ಮೆಗೂಡಿನ ಮೂಟೆ ಹೊತ್ತವರು ಮಾರ್ಕೆಟ್ಟಿನ ಕಡೆ ಓಡುತ್ತಿದ್ದರು. ಕನಕಪುರದ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸು, "ಎಲ್ಲಿಗವ್ವಾ ಒಬ್ಬಳೇ?" ಎಂದಳು. ತಮ್ಮನನ್ನು ನೋಡಲು ಎಂದೆ. "ಬರಿಗೈಲಾ?" ಬುತ್ತಿಯ ಗಂಟು ತೋರಿಸಿದೆ. "ಹಂಗಾದ್ರೆ ಸರಿ," ಎಂದು ನಗುತ್ತಾ ದಾರಿಯಲ್ಲೇ ಇಳಿದುಹೋದಳು. ಕನಕಪುರದವರೆಗೂ ಆ ಸೀಟು ಖಾಲಿಯೇ ಇತ್ತು. ಸಾಹೇಬರಿಗೆ ಹೇಳಬೇಕಾದ ಮಾತನ್ನು ಬಾಯೊಳಗೇ ಹೇಳಿಕೊಳ್ಳುತ್ತಾ ಹೋದೆ.

ಆಗಿದ್ದು ಇಷ್ಟು. ಪಾಳಿ ಮುಗಿಸಿ ಊರಿಗೆ ಬಂದ ಮಾದೇಶ ಬೆರಳು ಜುಮ್ಮೆನ್ನುತ್ತಿದೆ ಎಂದ. "ಗ್ಲೌಸು ತೂತಾಗಿತ್ತೇನೋ. ಫ್ಲೋರಿನ್ ತೆಗೆಯೋಕೆ ಒಂದು ಆಸಿಡ್ ಹಾಕ್ತೀವಿ, ಅದು ತಾಕಿದ್ರೆ ಹಚ್ಚೋ ಮುಲಾಮು ಫ್ಯಾಕ್ಟ್ರೀಲೈತೆ. ಹೋಗಿ ಹಚ್ಚಿಸ್ಕಂಡು ಬತ್ತೀನಿ ಕಣಕ್ಕ." ನೋಡಿದೆ. ಗುಳ್ಳೆ ಇಲ್ಲ, ಕೆಂಪೂ ಆಗಿಲ್ಲ. ನಾನು ರೇಷ್ಮೆ ನೂಲು ತೆಗೆಯುವವಳು. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ನನ್ನ ಕೈ ಯಾವಾಗಲೂ ಬೆಂದೇ ಇರುತ್ತದೆ. ಅಂದು ಚರಕ ತಿರುಗಿಸುವವಳು ಬಂದಿರಲಿಲ್ಲ, ಗೂಡು ಆಗಲೇ ಬೆಂದಿತ್ತು. "ನನ್ನ ಕೈ ನೋಡ್ಲಾ. ಇದಕ್ಕೆ ಯಾವ ಮುಲಾಮು? ಗಂಡಸಾಗಿ ಇಷ್ಟಕ್ಕೆ ಓಡ್ತೀಯಾ?" ಎಂದು ಆಡಿಕೊಂಡೆ. ಸಂಜೆವರೆಗೂ ಚರಕ ತಿರುಗಿಸಿದ. ಆ ಆಸಿಡ್ಡು ಚರ್ಮದ ಮೇಲೆ ಕಾಣಿಸದೆ ಮೂಳೆಗೆ ಇಳಿಯುತ್ತದಂತೆ. ಕೊನೆಗೆ ಆಸ್ಪತ್ರೆಯಲ್ಲಿ ಬೆರಳ ತುದಿ ಕತ್ತರಿಸಿದರು. ಕಾರ್ಖಾನೆಯಲ್ಲಿ ಅವನು ನನ್ನ ಹೆಸರೆತ್ತಲಿಲ್ಲ. ಅಸಡ್ಡೆ ಮಾಡಿದೆ ಎಂದು ತಾನೇ ಒಪ್ಪಿಕೊಂಡ. ಆಮೇಲೆ ಊರಿಗೂ ಬರಲಿಲ್ಲ.

ಹಾರೋಹಳ್ಳಿಯಲ್ಲಿ ಇಳಿದಾಗ ಬಿಸಿಲು ಏರಿತ್ತು. ಲಾರಿಗಳ ಧೂಳು ಕುಡಿಯುತ್ತಾ ಗೇಟಿನವರೆಗೆ ನಡೆದೆ. ಊಟದ ಹೊತ್ತಿಗೆ ಮಾದೇಶ ಹೊರಗೆ ಬಂದ. ಎದುರಿನ ಟೀ ಅಂಗಡಿಯಲ್ಲಿ ಕೂತು ಬುತ್ತಿ ಬಿಚ್ಚಿದೆವು. ಇಷ್ಟು ವರ್ಷದಲ್ಲಿ ಎಂದೂ ಕೇಳದಿದ್ದುದನ್ನು ಕೇಳಿದೆ: "ಅದೇನ್ಲಾ ನೀನು ಮಾಡ್ತಿದ್ದ ಕೆಲ್ಸ?"

"ಉಕ್ಕಿನ ತೊಟ್ಟಿ ಅಕ್ಕ. ಅದ್ರಲ್ಲಿ ಫ್ಲೋರೈಡ್ ಉಪ್ಪು ಕರಗ್ಸಿ, ಆ ಆಸಿಡ್ ಸೇರ್ಸಿ, ಕರೆಂಟ್ ಬುಡ್ತಾರೆ. ಒಂದು ಕಡೆ ಫ್ಲೋರಿನ್ ಬತ್ತದೆ, ಇನ್ನೊಂದು ಕಡೆ ಹೈಡ್ರೋಜನ್. ಎರಡೂ ಸೇರ್ಕಂಡ್ರೆ ಢಮಾರ್!"

"ಸಿಕ್ಕಾಪಟ್ಟೆ ಬಿಸಿ ಇರ್ತದಾ?"

"ನಿನ್ನ ಗೂಡು ಬೇಯೋ ನೀರಿನಷ್ಟೇ, ಒಸಿ ಆಕಡೆ ಈಕಡೆ. ಆದ್ರೆ ನೀರು ಮಾತ್ರ ಸೇರಬಾರ್ದು. ನಿನ್ನ ಒದ್ದೆ ಕೈ ತಗಂಡು ಬಂದ್ರೆ ಗೇಟಲ್ಲೇ ಓಡಿಸ್ತಾರೆ." ನಕ್ಕ. "ತೊಟ್ಟಿ ಕೆಟ್ರೆ ಮೀಟರ್ ನೋಡಿ ಮೊದ್ಲು ಹೇಳ್ತಿದ್ದೋನು ನಾನೇ ಕಣಕ್ಕ."

ಆಗಲೇ ಸಾಹೇಬರು ಟೀ ಕುಡಿಯಲು ಬಂದರು. "ಯಾರೋ ಮಾದೇಶ ಇವರು?"

"ನಮ್ಮಕ್ಕ ಸಾರ್."

"ತಮ್ಮನಿಗೆ ಸ್ವಲ್ಪ ಬುದ್ಧಿ ಹೇಳಮ್ಮ. ಮುಲಾಮು ಇಲ್ಲೇ ಇದ್ರೂ ಮನೇಲಿ ಕೂತ್ಕೊಂಡ. ಇಂಥವನನ್ನ ಮತ್ತೆ ತೊಟ್ಟಿ ಹತ್ರ ಹೇಗೆ ಬಿಡೋದು?"

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ನಾಲಿಗೆ ಮೇಲೇ ಇತ್ತು. ಮಾದೇಶ ನನ್ನ ಮುಖವನ್ನೇ ನೋಡುತ್ತಿದ್ದ.

"ಹೂಂ ಸಾರ್, ಹೇಳ್ತೀನಿ," ಎಂದೆ.

ಅವರು ಟೀ ಕುಡಿದು ಹೋದರು. "ಹೋಗಿ ಅವ್ರನ್ನ ಕರ್ಕಂಬಾರ್ಲಾ ಮಾದೇಶ, ಈಗ್ಲೇ ಹೇಳ್ಬುಡ್ತೀನಿ," ಎಂದೆ. ನನ್ನ ಕಾಲುಗಳು ಬೆಂಚಿನ ಕೆಳಗೇ ಇದ್ದವು.

"ಬುಡಕ್ಕ. ಬಸ್ ಬಂತು ನೋಡು."

ಕನಕಪುರದ ಬಸ್ಸು ಹತ್ತಿ ಕಿಟಕಿಯಿಂದ ತಿರುಗಿ ನೋಡಿದೆ. ಅವನು ಕೈ ಬೀಸಲಿಲ್ಲ. ಗೇಟಿನೊಳಗೆ ನಡೆಯುತ್ತಾ ರಬ್ಬರ್ ಗ್ಲೌಸು ಹಾಕಿಕೊಳ್ಳುತ್ತಿದ್ದ. ಒಂದು ಬೆರಳಿನ ತುದಿ ತುಂಬದೆ ಮಡಿಚಿಕೊಂಡಿತ್ತು.